ಮೇಣ ತೆಗೆಯದ ಮೊಟ್ಟೆ

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಹಾಫಿಯಾ ಬಾಗಿಲನ್ನು ಮೊಣಕೈಯಿಂದ ತೆರೆಯುತ್ತಿದ್ದಳು. ಕೈಗಳೆರಡನ್ನೂ ಕುರಿದೊಗಲಿನ ತೋಳಿಲ್ಲದ ಕೋಟಿನೊಳಗೆ, ಕಂಕುಳಲ್ಲಿ ಹುದುಗಿಸಿಕೊಂಡು, ರೆಕ್ಕೆ ಮಡಿಸಿದ ಹೆಬ್ಬಾತಿನಂತೆ ಅತ್ತಿತ್ತ ತೂಗುತ್ತ ಚರ್ಚಿನ ಏರನ್ನು ಹತ್ತುವಳು. ಎದುರಾದವರು ಕೈ ನೀಡಿದರೆ ತಲೆಬಾಗುವಳೇ ಹೊರತು ತನ್ನ ಕೈಯನ್ನು ಹೊರಗೆ ತೆಗೆಯುವಳಲ್ಲ. ಬೆರಳಿನಲ್ಲಿ ಜಿಡ್ಡಿದ್ದರೆ ಹಬ್ಬದ ಮೊಟ್ಟೆಗೆ ಬಣ್ಣ ಹತ್ತುವುದಿಲ್ಲವೆಂಬುದು ಚೆರೆಮೋಷ್ ಹೊಳೆಯ ದಂಡೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಉಳಿದವರು ಮೊಟ್ಟೆ ಹಿಡಿಯುವ ಮುನ್ನ ಕೈ ತೊಳೆದು ಸಮಾಧಾನಪಡುವರು. ಹಾಫಿಯಾಗೆ ಅದು ಸಾಲದು. ಆ ದಿನಗಳಲ್ಲಿ ಹಸುವಿನ ಹಾಲನ್ನೂ ಗಂಡ ಪ್ರೊಕೀಪನೇ ಕರೆಯಬೇಕು.

"ನಮ್ಮನೆಯವಳಿಗೆ ಈಸ್ಟರ್ ತನಕ ಕೈಯೇ ಇಲ್ಲ ಮೇಷ್ಟ್ರೇ," ಎಂದು ಅವನು ಬೇಲಿಯಾಚೆಯಿಂದ ನನಗೆ ಕೂಗಿ ಹೇಳುತ್ತಿದ್ದ. "ಅದಕ್ಕೆ ಬದಲಾಗಿ ಬಾಯಿ ಎರಡಿದೆ."

ಮೊಟ್ಟೆಯ ಮೇಲೆ ಚಿತ್ರ ಬಿಡಿಸುವುದು ಎಂದು ನಾವು ಹೇಳುವುದಿಲ್ಲ. ಮೊಟ್ಟೆ ಬರೆಯುವುದು ಎನ್ನುತ್ತೇವೆ. ಕಡ್ಡಿಯ ತುದಿಗೆ ಕಟ್ಟಿದ ಹಿತ್ತಾಳೆಯ ಪುಟ್ಟ ಕೊಳವೆಯಲ್ಲಿ ಜೇನುಮೇಣವನ್ನು ಕರಗಿಸಿ, ಬಿಳಿಯಾಗಿ ಉಳಿಯಬೇಕಾದ ಗೆರೆಗಳನ್ನು ಮೊದಲು ಬರೆದು ಹಳದಿಯಲ್ಲಿ ಅದ್ದುವುದು, ಹಳದಿಯಾಗಿ ಉಳಿಯಬೇಕಾದುದನ್ನು ಮೇಣದಿಂದ ಮುಚ್ಚಿ ಕೆಂಪಿನಲ್ಲಿ, ಕೆಂಪನ್ನು ಮುಚ್ಚಿ ಕಪ್ಪಿನಲ್ಲಿ. ಕೊನೆಗೆ ಕೈಯಲ್ಲಿ ಉಳಿಯುವುದು ಮಸಿಯುಂಡೆಯಂಥ ಒಂದು ಕುರೂಪ ವಸ್ತು. ಅದನ್ನು ಮೇಣದಬತ್ತಿಯ ಉರಿಯ ಪಕ್ಕಕ್ಕೆ ಹಿಡಿದು, ಕರಗಿದ್ದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದಾಗ ಮಾತ್ರ ಬರೆದದ್ದೆಲ್ಲ ಒಮ್ಮೆಲೇ ಬೆಳಗುತ್ತದೆ. ಮೊಟ್ಟೆಯನ್ನು ಬೇಯಿಸುವುದಿಲ್ಲ; ಒಳಗಿನ ಹಸಿ ಲೋಳೆ ವರ್ಷಗಳಲ್ಲಿ ತಾನೇ ಒಣಗಿ ಬಟಾಣಿಯಷ್ಟಾಗುತ್ತದೆ.

ಕಲಿಯಲು ಬರುತ್ತಿದ್ದ ಹುಡುಗಿಯರನ್ನು ಹಾಫಿಯಾ ಒಂದೇ ವಿಷಯಕ್ಕೆ ಬೈಯುತ್ತಿದ್ದಳು. "ಮೇಣದೊಳಗೆ ಮೊಟ್ಟೆ ಉಸಿರಾಡೋದಿಲ್ಲ ಕಣ್ರೇ! ಬರೆದ ವಾರವೇ ಬಿಚ್ಚಿಬಿಡಿ. ಸೋಮಾರಿತನ ಮಾಡಿದ್ರೋ, ಒಳಗೊಳಗೇ ಕೊಳೀತದೆ."

ಅವಳಿಗೆ ವಸೀಲಿನಾ ಎಂಬ ತಂಗಿಯಿದ್ದಳು. ಹೊಳೆಯಾಚೆಯ ಕೇರಿಗೆ ಮದುವೆಯಾಗಿ ಹೋದವಳು. ಬಾಲ್ಯದಲ್ಲಿ ಅಮ್ಮನ ಪಕ್ಕದಲ್ಲಿ ಕುಳಿತು ಅಕ್ಕ ಬರೆದರೆ, ದೀಪಕ್ಕೆ ಹಿಡಿದು ಒರೆಸುವ ಹಕ್ಕು ತಂಗಿಯದು. ಬೇರೆ ಯಾರಾದರೂ ಒರೆಸಿದರೆ ನೆಲದ ಮೇಲೆ ಬಿದ್ದು ಹೊರಳಾಡುವಷ್ಟು ಹಕ್ಕು. ಅಮ್ಮನದೊಂದು ಬರವಣಿಗೆಯಿತ್ತು: ಮೊಟ್ಟೆಯನ್ನು ಸುತ್ತುವ, ಆದಿಯೂ ಅಂತ್ಯವೂ ಇಲ್ಲದ ಬಳ್ಳಿಗೆರೆ, ಅದರ ಮಡಿಕೆಗಳಲ್ಲಿ ಜಿಂಕೆಯ ಕೊಂಬುಗಳು. ಅದು ಹಾಫಿಯಾಳ ಕೈಗೆ ಮಾತ್ರ ಇಳಿದಿತ್ತು.

ಅಮ್ಮ ತೀರಿಕೊಂಡದ್ದು ಉಪವಾಸದ ದಿನಗಳಲ್ಲಿ. ಅವಳ ಕೈಯ ಕೊನೆಯ ಮೊಟ್ಟೆಯನ್ನು ಅವಳ ಜೊತೆಗೇ ಶವಪೆಟ್ಟಿಗೆಯಲ್ಲಿಟ್ಟರು. ಸಮಾಧಿಯ ಬಳಿ ವಸೀಲಿನಾ ಅಳುತ್ತ ಅಕ್ಕನತ್ತ ಕೈ ಚಾಚಿದಳು. ಹಾಫಿಯಾ, ಅಷ್ಟು ವರ್ಷಗಳ ಅಭ್ಯಾಸಬಲದಿಂದ, ಕೈಯನ್ನು ಕೋಟಿನೊಳಕ್ಕೆ ಎಳೆದುಕೊಂಡಳು. ಮರುಕ್ಷಣವೇ ತಪ್ಪು ತಿಳಿಯಿತೆಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ವಸೀಲಿನಾ ಬೆನ್ನು ತಿರುಗಿಸಿಯಾಗಿತ್ತು.

"ತಾಯಿ ಸತ್ತ ದಿನವೂ ಅವಳಿಗೆ ಮೊಟ್ಟೆಯೇ ಹೆಚ್ಚಾಯ್ತಾ ಮೇಷ್ಟ್ರೇ? ಕರೆದ್ರೆ ಬರ್ತೀನಿ. ಕರೀದೆ ಆ ಹೊಸ್ತಿಲು ತುಳಿಯೋಳಲ್ಲ," ಎಂದಳು ಹೊಳೆಯಾಚೆಯವಳು.

"ಚಿಕ್ಕೋಳು ಅವಳು. ಅವಳೇ ಬರ್ಲಿ," ಎಂದಳು ಈಚೆಯವಳು.

ಆದರೆ ಆ ವಸಂತದಲ್ಲೇ ಹಾಫಿಯಾ ಅಮ್ಮನ ಬಳ್ಳಿಗೆರೆಯನ್ನು ಒಂದು ಮೊಟ್ಟೆಯ ಮೇಲೆ ಬರೆದಳು. ಕಪ್ಪಿನಲ್ಲಿ ಅದ್ದಿ ಎತ್ತಿದವಳು ಮೇಣವನ್ನು ಮಾತ್ರ ತೆಗೆಯಲಿಲ್ಲ. ಹಾಗೆಯೇ ದೇವರ ಪಟದ ಪಕ್ಕದ ಹಲಗೆಯ ಮೇಲಿಟ್ಟಳು. ಒರೆಸುವ ಹಕ್ಕು ಯಾರದೋ ಅವರು ಬಂದು ಒರೆಸಲಿ ಎಂದು. ಅವಳದೇ ಪಾಠವನ್ನು ನಾನು ನೆನಪಿಸಿದಾಗ, "ಅಷ್ಟರಲ್ಲಿ ಬರ್ತಾಳೆ ಬಿಡಿ," ಎಂದಳು. ಮರುವರ್ಷವೂ ಹಾಗೆಯೇ ಎಂದಳು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಊರಿಗೆಲ್ಲ ಹಂಚಲು ರಾಶಿ ಮೊಟ್ಟೆ ಬರೆದಳು, ಶುಭವಾಗಲೆಂದು ಜೇನುಗೂಡಿನಡಿಗೆ, ಹಸುಗೂಸುಗಳ ತೊಟ್ಟಿಲಿಗೆ. ಬಳ್ಳಿಗೆರೆಯನ್ನು ಮಾತ್ರ ಇನ್ನೊಂದರ ಮೇಲೆ ಬರೆಯಲಿಲ್ಲ. ಕಲಿಸಿಕೊಡೆಂದ ಹುಡುಗಿಯರಿಗೆ, "ಮೊದಲು ಅದರ ಒಡತಿ ನೋಡ್ಲಿ," ಎನ್ನುವಳು.

ವರ್ಷಗಳು ಸರಿದು ಹಾಫಿಯಾಳ ಕಣ್ಣಿಗೆ ಮಂಜು ಕವಿಯಿತು. ಒಂದು ವಸಂತದಲ್ಲಿ ಅವಳ ಮನೆಯಲ್ಲಿ ಮೊಟ್ಟೆಯನ್ನೇ ಬರೆಯಲಿಲ್ಲವೆಂಬ ಸುದ್ದಿ ಹೊಳೆ ದಾಟಿತು. ಹಬ್ಬದ ಹಿಂದಿನ ಶನಿವಾರ ಮಧ್ಯಾಹ್ನ ನಾನು ಎರವಲು ಪಡೆದಿದ್ದ ಹಬ್ಬದ ರೊಟ್ಟಿಯ ಅಚ್ಚನ್ನು ಹಿಂದಿರುಗಿಸಲು ಹೋಗಿ ಕುಳಿತಿದ್ದಾಗ, ಬಾಗಿಲು ತಳ್ಳಿಕೊಂಡು ವಸೀಲಿನಾ ಒಳಗೆ ಬಂದಳು.

"ಈ ಸಲ ಮೊಟ್ಟೆ ಬರೆದಿಲ್ವಂತೆ. ಸತ್ತೇ ಹೋದೆಯೇನೋ ಅಂತ ನೋಡೋಕೆ ಬಂದೆ, ಅಕ್ಕ."

"ಬಾಗಿಲು ಹಾಕು, ಹಿಟ್ಟು ಉಬ್ಬೋಕಿಟ್ಟಿದೀನಿ," ಎಂದಳು ಹಾಫಿಯಾ. ಆಮೇಲೆ ತಡವರಿಸುತ್ತ ಹಲಗೆಯ ಮೇಲಿನ ಕಪ್ಪು ಮೊಟ್ಟೆಯನ್ನು ತೆಗೆದು ತಂಗಿಯ ಮುಂದಿಟ್ಟು, ಮೇಣದಬತ್ತಿ ಹಚ್ಚಿದಳು.

ವಸೀಲಿನಾ ಹುಡುಗಿಯಾಗಿದ್ದಾಗ ಕುಳಿತಂತೆಯೇ ಬೆಂಚಿನ ಅಂಚಿಗೆ ಕುಳಿತು, ಮೊಟ್ಟೆಯನ್ನು ಉರಿಯ ಪಕ್ಕಕ್ಕೆ ಹಿಡಿದಳು. ಮೇಣ ಹೊಳೆಯಿತು, ಬಟ್ಟೆ ಆಡಿತು, ಬೆರಳಗಲದಷ್ಟು ಹಳದಿ ಬಳ್ಳಿ ಕಂಡಿತು. "ಅಮ್ಮಂದು!" ಎಂದಳು. ಮತ್ತೆ ಉರಿಗೆ ಹಿಡಿದಳು.

ಮೊಟ್ಟೆ ಸಿಡಿಯಿತು. ವರ್ಷಗಟ್ಟಲೆ ಮೇಣದೊಳಗೆ ಉಸಿರುಕಟ್ಟಿ ಕೊಳೆತದ್ದೆಲ್ಲ ಮೇಜಿಗೆ, ಗೋಡೆಗೆ, ಇಬ್ಬರ ಕೈಗಳಿಗೆ ಎರಚಿತು. ನಾನು ಬಾಗಿಲಿಗೆ ಓಡಿದೆ; ಪ್ರೊಕೀಪ ಮೂಗು ಹಿಡಿದುಕೊಂಡೇ ಕಿಟಕಿ ತೆರೆದ.

"ಅಕ್ಕತಂಗೀರ ಜಗಳ ನಾರುತ್ತೆ ಅಂತ ಕೇಳಿದ್ದೆ. ಇಷ್ಟಂತ ಗೊತ್ತಿರ್ಲಿಲ್ಲ!" ಎಂದ.

ವಸೀಲಿನಾ ನಕ್ಕಳು. ನಗುತ್ತಲೇ ಅಕ್ಕನತ್ತ ತಿರುಗಿದಳು. ಹಾಫಿಯಾ ಒಡಕು ಚಿಪ್ಪುಗಳನ್ನು ಕೈಯಿಂದ ಸವರಿ ಹುಡುಕಿ, ಒಂದರ ಅಂಚಿಗೆ ಇನ್ನೊಂದನ್ನು ಕೂಡಿಸಲು ನೋಡುತ್ತಿದ್ದಳು.

"ಇನ್ನೊಂದು ಬರ್ಕೊಡು ಅನ್ಬೇಡ ಕಣೇ. ನಂಗೆ ಗೆರೆ ಕಾಣ್ಸೋದಿಲ್ಲ."

"ನಾನು ಕೇಳಿದ್ನಾ?"

"ಕೇಳ್ಬೇಕಿತ್ತು. ಆಗ್ಲೇ ಬಂದು ಕೇಳ್ಬೇಕಿತ್ತು."

"ಕರೀಬೇಕಿತ್ತು."

ಹಾಫಿಯಾ ಚಿಪ್ಪು ಕೂಡಿಸುವುದನ್ನು ಬಿಟ್ಟು ಎದ್ದಳು. ಹಬ್ಬದ ಚಿಪ್ಪನ್ನು ನಮ್ಮಲ್ಲಿ ಹೊಳೆಗೇ ಬಿಡಬೇಕು. ನೀರಿನ ಕೊನೆಯಲ್ಲೆಲ್ಲೋ ಇರುವ ಪುಣ್ಯವಂತರಿಗೆ ಈಸ್ಟರ್ ಬಂದ ಸುದ್ದಿ ಅದರಿಂದಲೇ ಮುಟ್ಟುವುದಂತೆ. ಅಕ್ಕ ಕೋಟು ತೊಟ್ಟು, ಒಂದು ಕೈಯಲ್ಲಿ ಸೆರಗಿನಂತೆ ಎತ್ತಿದ ಮುಂಬಟ್ಟೆಯಲ್ಲಿ ಚಿಪ್ಪುಗಳನ್ನು ತುಂಬಿಕೊಂಡು, ಇನ್ನೊಂದು ಕೈಯನ್ನು ಕೋಟಿನೊಳಗೆ ಹುದುಗಿಸಿಕೊಂಡಳು. ಇಬ್ಬರೂ ಹೊಳೆಯ ಇಳಿಜಾರಿಗೆ ಬಂದಾಗ ಕಣ್ಣು ಕಾಣದ ಹಾಫಿಯಾ ನಿಂತಳು. ತಂಗಿ ಕೈ ಚಾಚಿದಳು.

"ಬೇಡ, ನಾರುತ್ತೆ."

"ನಂದೂ ನಾರುತ್ತೆ. ಕೊಡು ಇಲ್ಲಿ."

ಬೇಲಿಯ ಬಳಿ ನಿಂತ ನನಗೆ ಹಾಫಿಯಾಳ ಕೈ ಕೋಟಿನಿಂದ ಹೊರಬಂದದ್ದು ಕಾಣಿಸಿತು.

ಅಮ್ಮ ಹೋದಮೇಲೆ ಅವರಿಬ್ಬರೂ ಕೂಡಿ ಕಂಡ ಹಬ್ಬ ಅದೊಂದೇ. ಆ ಬಳ್ಳಿಗೆರೆ ಈಗ ನಮ್ಮ ಊರಿನ ಯಾವ ಮೊಟ್ಟೆಯ ಮೇಲೂ ಇಲ್ಲ. ಹಾಫಿಯಾಳಂಥವರು ಮಾತ್ರ ನಮ್ಮ ಬೆಟ್ಟಗಳಲ್ಲಿ ಇನ್ನೂ ಇದ್ದಾರೆ. ಊರಿಗೆಲ್ಲ ಧಾರಾಳವಾಗಿ ಹಂಚುವರು, ಊರಿಗೆಲ್ಲ ಬುದ್ಧಿ ಹೇಳುವರು. ತೀರ ಬೇಕಾದವರಿಗೆ ಕೊಡಬೇಕಾದುದನ್ನು ಮಾತ್ರ, ಅವರೇ ಬರಲಿ, ತಮ್ಮ ಕಣ್ಣೆದುರೇ ಬಿಚ್ಚಲಿ ಎಂದು ಎತ್ತಿಡುವರು. ಅಂಥವರ ಮನೆಗೆ ಹೋದಾಗಲೆಲ್ಲ, ದೇವರ ಪಟದ ಪಕ್ಕದ ಹಲಗೆಯ ಮೇಲೆ ಕಪ್ಪಗೆ ಏನಾದರೂ ಕುಳಿತಿದೆಯೇ ಎಂದು ನನ್ನ ಕಣ್ಣು ತಾನಾಗಿಯೇ ಹುಡುಕುತ್ತದೆ.