ಕೈಗುಣ

ಉಳುಕು ತೆಗೆಯುವ ಅಣ್ಣನನ್ನು ಬೀದಿಯವರು ಹೊಗಳಿ ಅಟ್ಟಕ್ಕೇರಿಸಿದ್ದರು. "ಎಂಥಾ ಕೈಗುಣ! ಮುಟ್ಟಿದ್ರೆ ಮತ್ತೆ ನೋವೇ ಇರಲ್ಲ." ಹಾಗಾಗಿ ಕೋವಿಡ್ ಲಸಿಕೆ ಹಾಕಿಸಿಕೊಂಡ ಮುಂದಿನ ವಾರ ಮೀನಖಂಡ ಊದಿಕೊಂಡು ಕೆಂಪಾದಾಗ, ದರ್ಜಿ ತಮ್ಮ ನೇರವಾಗಿ ಬಂದು ಅವನ ಮುಂದೆ ಕಾಲು ಚಾಚಿದ.

"ಸೂಜಿ ತೋಳಿಗೆ, ಊತ ಕಾಲಿಗೆ! ನಿನ್ನ ಮೈಯೂ ನೀನು ಹೊಲಿದ ಅಂಗಿ ಥರಾನೇ ಕಣೋ, ಅಳತೆ ತಪ್ಪಿದೆ," ಎಂದು ಅಣ್ಣ ಎಣ್ಣೆ ಸುರಿದ.

"ಭಾವ, ಕಾಲು ಊದಿದ್ರೆ ತಕ್ಷಣ ಬನ್ನಿ ಅಂತ ನರ್ಸ್ ಹೇಳಿದ್ರು," ಎಂದಳು ತಮ್ಮನ ಹೆಂಡತಿ.

"ಅವರಿಗೇನು, ಎಲ್ಲರಿಗೂ ಹೇಳ್ತಾರೆ, ಬಿಡಮ್ಮ."

ಹೆಬ್ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಅಣ್ಣ ಹಟ ಹಿಡಿದು ಒತ್ತಿದ, ತೀಡಿದ, ಮೇಲಕ್ಕೆ ನೀವಿದ. ಕೊನೆಗೆ ಅದು ಬೆರಳಡಿಯಿಂದ ಜಾರಿತು.

"ಗಂಟು ಕರಗಿತು, ಏಳು!"

ತಮ್ಮ ನಗುತ್ತಾ ಎದ್ದ. ಬಾಗಿಲು ದಾಟುವ ಮೊದಲೇ ಎದೆ ಹಿಡಿದುಕೊಂಡು ಕುಸಿದ.

ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಲಸಿಕೆ ಆದ್ಮೇಲೆ ಹೀಗೆ ರಕ್ತ ಹೆಪ್ಪುಗಟ್ಟೋದು ತೀರಾ ಅಪರೂಪ. ಆಗ್ಲೇ ಬಂದಿದ್ರೆ ಔಷಧಿ ಇತ್ತು," ಎಂದರು ಡಾಕ್ಟರು. "ಕಾಲಲ್ಲಿದ್ದ ಹೆಪ್ಪು ಶ್ವಾಸಕೋಶಕ್ಕೆ ಹೋಗಿದೆ. ಯಾರಾದ್ರೂ ಕಾಲು ತಿಕ್ಕಿದ್ರಾ?"

ಎಣ್ಣೆ ಆರದ ಕೈಗಳನ್ನು ಅಣ್ಣ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ನಮ್ಮ ಭಾವ," ಎಂದಳು ಅವಳು. "ಅವರು ಮುಟ್ಟಿದ್ರೆ ಮತ್ತೆ ನೋವೇ ಇರಲ್ಲ, ಡಾಕ್ಟ್ರೇ."