ಬಾಗಿಯಕ್ಕ ಮನೆ ಮಾರಲಿಲ್ಲ

ದಲ್ಲಾಳಿ ಮೋಹನದಾಸರಿಗೆ ಎಲ್ಲ ಹೆಂಗಸರೂ ಅಕ್ಕಂದಿರೇ. ಮನೆ ಮಾರುವವಳೂ ಅಕ್ಕ, ಕೊಳ್ಳುವವನ ಹೆಂಡತಿಯೂ ಅಕ್ಕ. ಕುದ್ರೋಳಿಯಿಂದ ಬಂದರಿನವರೆಗೆ ಯಾವ ಮನೆ, ಯಾವ ಹಿತ್ತಿಲು ಕೈ ಬದಲಾದರೂ ನಡುವೆ ಅವರ ಕಪ್ಪು ಕೊಡೆ ಕಾಣಿಸಲೇಬೇಕು. ಕಮಿಷನ್ ಎರಡೂ ಕಡೆಯಿಂದ. ಇಬ್ಬರಿಗೂ "ನಾನು ನಿಮ್ಮ ಜನ" ಎಂದೇ ಹೇಳುತ್ತಿದ್ದರು. ನಾನೊಮ್ಮೆ ತಮಾಷೆಗೆ, "ಇಬ್ಬರಿಗೂ ಜಗಳ ಬಿದ್ದರೆ ನೀವು ಯಾರ ಜನ ಮಾರಾಯ್ರೆ?" ಎಂದು ಕೇಳಿದ್ದೆ. "ಜಗಳ ಆಗದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸ ಹೇಮಕ್ಕ" ಎಂದು ನಕ್ಕಿದ್ದರು.

ಇದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ನನ್ನ ಪಕ್ಕದ ಮನೆಯ ಬಾಗಿಯಕ್ಕ ವಿಧವೆ, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಬದುಕಿದವಳು. ಒಬ್ಬಳೇ ಮಗಳು, ಜಯ. ಆ ವರ್ಷ ಜಯ ಕೆಮ್ಮಿದಾಗ ರಕ್ತ ಬಂತು. ಡಾಕ್ಟರು ನೋಡಿ ಕ್ಷಯ ಎಂದರು. ಮದ್ರಾಸಿನ ಕಡೆ ಒಣ ಗಾಳಿಯ ಊರಲ್ಲಿ ಒಂದು ಆಸ್ಪತ್ರೆ ಉಂಟು, ಮಳೆಗಾಲಕ್ಕೆ ಮೊದಲೇ ಅಲ್ಲಿಗೆ ಸೇರಿಸಿದರೆ ಹುಡುಗಿ ಉಳಿಯಬಹುದು, ಇಲ್ಲಿಯ ತೇವದಲ್ಲಿ ಮಾತ್ರ ಕಷ್ಟ ಎಂದರು. ಅಷ್ಟು ದೂರ ಕರೆದುಕೊಂಡು ಹೋಗಿ ತಿಂಗಳುಗಟ್ಟಲೆ ಇರಿಸಲು ಬಾಗಿಯಕ್ಕನ ಹತ್ತಿರ ಇದ್ದದ್ದು ಆ ಮನೆಯೊಂದೇ.

ಮೋಹನದಾಸರಿಗೆ ಅವಳು ಎಲ್ಲವನ್ನೂ ಹೇಳಿದಳು. ತನ್ನ ಪರವಾಗಿ ಓಡಾಡುವವರ ಹತ್ತಿರ ಮುಚ್ಚಿಡುವುದು ಎಂತಕ್ಕೆ ಎನ್ನುವ ಜಾತಿಯವಳು ಅವಳು. ಅವರು, "ಈ ರೋಗದ ಸುದ್ದಿ ಇನ್ನೊಂದು ಕಿವಿಗೆ ಬೀಳಬಾರದು ಬಾಗಿಯಕ್ಕ. ಬಿದ್ದರೆ ಈ ಮನೆಯನ್ನು ಯಾರೂ ಮೂಸಿಯೂ ನೋಡುವುದಿಲ್ಲ" ಎಂದರು.

ಗಿರಾಕಿಯನ್ನೂ ಅವರೇ ತಂದರು. ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ನೂರ್ ಮುಹಮ್ಮದ್ ಬ್ಯಾರಿ. ಮನೆ ಹೊಳೆಯಾಚೆ ಬೆಂಗ್ರೆಯಲ್ಲಿ. ದಿನಾ ದೋಣಿಯಲ್ಲಿ ದಾಟಿ ಸಾಕಾಗಿತ್ತು. ಮಾತುಕತೆ ಸಲೀಸಾಗಿ ಮುಗಿಯಿತು. ಅಡ್ವಾನ್ಸ್ ಕೊಡುವ ದಿನ ಹೆಂಡತಿ ಶರೀಫಾಳಿಗೂ ಮನೆ ತೋರಿಸುತ್ತೇನೆ ಎಂದು ಬ್ಯಾರಿಗಳು ಹೇಳಿ ಕಳಿಸಿದರು. ಜಯಳನ್ನು ಆ ಹೊತ್ತಿಗೆ ನನ್ನ ಮನೆಯಲ್ಲಿ ಮಲಗಿಸುವುದು ಎಂದಾಯಿತು. ನಮ್ಮಿಬ್ಬರ ಮನೆಗಳ ನಡುವೆ ಒಂದು ತೆಳ್ಳಗಿನ ಮಣ್ಣಿನ ಗೋಡೆ ಅಷ್ಟೇ. ಕೆಮ್ಮು ಬಂದರೆ ಬಾಯಿಗೆ ಒತ್ತಿಕೊಳ್ಳಲು ಅವಳ ಕೈಗೆ ಮೈ ಒರೆಸುವ ಬೈರಾಸು ಕೊಟ್ಟೆ. ಅವಳು ಆ ದಿನ ಖುಷಿಯಲ್ಲಿದ್ದಳು. "ರೈಲಿನಲ್ಲಿ ಕಿಟಕಿಯ ಹತ್ತಿರ ಕೂರಲಿಕ್ಕೆ ಬಿಡ್ತಾರಾ ಹೇಮಕ್ಕ?" ಎಂದು ಕೇಳಿದಳು. ಬಿಡುತ್ತಾರೆ ಎಂದು ಹೇಳಿ ನಾನು ಆಚೆ ಬಾಗಿಯಕ್ಕನ ಮನೆಗೆ ಹೋದೆ.

ಬ್ಯಾರಿಗಳು ಗಟ್ಟಿ ಮನುಷ್ಯ. ಜಗಲಿಯಲ್ಲಿ ಕೂತು ನೇರವಾಗಿಯೇ ಕೇಳಿದರು. "ದಾಸರೇ, ಮನೆಯಲ್ಲಿ ತಕರಾರು, ರೋಗ, ಎಂತಾದರೂ ಉಂಟಾ? ಈಗಲೇ ಹೇಳಿ."

"ನಾನು ನಿಮ್ಮ ಜನ ಅಲ್ವಾ ಬ್ಯಾರಿಗಳೇ? ಇದ್ದರೆ ಹೇಳದೆ ಇರ್ತೇನಾ?" ಎಂದರು ಮೋಹನದಾಸರು.

ಒಳಗೆ ಶರೀಫಾ ಅಡುಗೆಕೋಣೆ ನೋಡುತ್ತಿದ್ದಳು. ಅವಳ ಜೊತೆ ಬಂದಿದ್ದ ಮಗಳು ನಾಝಿಮಾ, ಐದಾರು ವರ್ಷದ ಮಗು, ಮನೆಯೆಲ್ಲ ಓಡಿ ಕೊನೆಗೆ ಜಯ ಮಲಗುವ ಕೋಣೆ ಹೊಕ್ಕಳು. ಬೆಂಗ್ರೆಯ ಮರಳಿನಲ್ಲಿ ಬೆಳೆದ ಮಗುವಿಗೆ ಆ ತಣ್ಣಗಿನ ನೆಲ ಬಹಳ ಹಿಡಿಸಿತು. ಅಂಗಾತ ಮಲಗಿದಳು, ಮಗುಚಿ ಮಲಗಿದಳು, ಕೆನ್ನೆಯನ್ನು ನೆಲಕ್ಕೆ ಒತ್ತಿ, "ಉಮ್ಮಾ, ನಾನು ಇಲ್ಲೇ ಮಲಗುವುದು" ಎಂದು ಕೂಗಿದಳು. ಜಯಳ ಚಾಪೆ ಹಾಸುತ್ತಿದ್ದ ಜಾಗವದು. ಬಾಗಿಯಕ್ಕ ಬೆಳಿಗ್ಗೆಯಷ್ಟೇ ಅದನ್ನು ಸೆಗಣಿ ಹಾಕಿ ಸಾರಿಸಿದ್ದಳು.

ಬಾಗಿಯಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನಾನು ಅವಳ ಸೆರಗು ಹಿಡಿದು ಎಳೆದೆ, ಅವಳಿಗೆ ಗೊತ್ತೇ ಆಗಲಿಲ್ಲ. ಮಗುವನ್ನು ನೆಲದಿಂದ ಬಾಚಿ ಎತ್ತಿ, ತನ್ನ ಮೈಗೆ ತಾಗದ ಹಾಗೆ ದೂರ ಹಿಡಿದು ಶರೀಫಾಳ ಕೈಗೆ ಕೊಟ್ಟಳು. "ಈ ಮನೆ ನಿಮಗೆ ಬೇಡ ತಂಗಿ. ನನ್ನ ಮಗಳಿಗೆ ಕ್ಷಯ. ಅವಳು ಇಲ್ಲೇ ಮಲಗುವುದು" ಎಂದಳು.

ಶರೀಫಾ ಮಗುವನ್ನು ಎದೆಗೆ ಅವಚಿಕೊಂಡು ಅಂಗಳಕ್ಕೆ ಓಡಿದಳು. ಅವಳನ್ನು ದೂರಲಾರೆ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಬ್ಯಾರಿಗಳು ಬಾಗಿಯಕ್ಕನಿಗೆ ಒಂದು ಮಾತೂ ಆಡಲಿಲ್ಲ. ಮೋಹನದಾಸರಿಗೆ ಮಾತ್ರ, "ನನ್ನ ಕೈಯಿಂದಲೂ ಕಮಿಷನ್ ತೆಗೆದುಕೊಳ್ಳುವವನಲ್ವಾ ನೀನು? ನನ್ನ ಮಗಳ ಬಗ್ಗೆ ನಿನಗೆ ಯೋಚನೆ ಬರಲಿಲ್ವಾ?" ಎಂದು ಕೇಳಿ ಹೊರಟರು.

ಮೋಹನದಾಸರು ಕೆಂಡವಾದರು. "ನಿಮಗೋಸ್ಕರ ಸುಳ್ಳು ಹೇಳಿ ಹೆಸರು ಕೆಡಿಸಿಕೊಂಡೆನಲ್ಲ! ಹೇಳುವುದಿದ್ದರೆ ನನ್ನ ಬಾಯಿ ಯಾಕೆ ಮುಚ್ಚಿಸಿದ್ದು?" ಮುಚ್ಚಿಸಿದ್ದು ಅವಳಲ್ಲ, ಅವರೇ. ನನಗೆ ನಾಲಿಗೆ ತುದಿಗೆ ಬಂದಿತ್ತು. ಆದರೆ ಅವರ ಕಣ್ಣಿನಲ್ಲಿ ನೀರಿತ್ತು, ಹೇಳಲಿಲ್ಲ. ಜಯಳನ್ನು ಉಳಿಸಬೇಕೆಂದು ಆ ಮನುಷ್ಯನಿಗೆ ನಿಜವಾಗಿಯೂ ಇತ್ತು.

ನಾವು ಈಚೆ ನನ್ನ ಮನೆಗೆ ಬಂದಾಗ ಜಯ ಗೋಡೆಗೆ ಒರಗಿ ಕೂತಿದ್ದಳು. ಎಲ್ಲ ಕೇಳಿಸಿತ್ತು ಅವಳಿಗೆ.

"ಇನ್ನು ನಾವು ಹೋಗುವುದಿಲ್ವಾ ಅಮ್ಮ?"

"ಹೋಗುವ ಮಗಾ. ಬೇರೆಯವರು ಬರ್ತಾರೆ."

"ಆ ಮಗುವನ್ನು ನೋಡಿಕೊಳ್ಳಲಿಕ್ಕೆ ಅದರ ತಾಯಿ ಅಲ್ಲೇ ಇದ್ದಳಲ್ಲ" ಎಂದಳು ಜಯ. ಮತ್ತೆ ಮಲಗಿ ಗೋಡೆಯ ಕಡೆ ತಿರುಗಿದಳು.

ಬೇರೆಯವರು ಬರಲಿಲ್ಲ. ಸುದ್ದಿ ಯಾರ ಬಾಯಿಂದ ಹೊರಟಿತೋ, ಕುದ್ರೋಳಿಯಲ್ಲಿ ಮಕ್ಕಳು ಕೂಡ ಆ ಬೇಲಿಯ ಹತ್ತಿರ ಹೋಗುವುದನ್ನು ಬಿಟ್ಟರು. ಮೋಹನದಾಸರು ಮೂಡಬಿದ್ರೆಯವರೆಗೂ ಹೋಗಿ ಗಿರಾಕಿ ಹುಡುಕಿದರು, ಆಗಲಿಲ್ಲ. ಬಾಗಿಯಕ್ಕ ಕಂಡವರ ಕಾಲು ಹಿಡಿದಳು. ಮಳೆ ಶುರುವಾಯಿತು. ಮಳೆ ಬಿಡದೆ ಹೊಯ್ಯುವ ಆಟಿ ತಿಂಗಳಲ್ಲಿ ಜಯ ತೀರಿಹೋದಳು. ಕೊನೆಯವರೆಗೂ ತಾಯಿಯ ಕೈಯಿಂದಲೇ ಗಂಜಿ ಕುಡಿದಳು, ಕೋಪ ತೋರಿಸಲಿಲ್ಲ. ಕೋಪ ಮಾಡಿದ್ದರೆ ಬಾಗಿಯಕ್ಕ ಸ್ವಲ್ಪವಾದರೂ ಅಳುತ್ತಿದ್ದಳು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಸಾವಿನ ಸುದ್ದಿ ಕೇಳಿ ಶರೀಫಾ ಆ ಮಳೆಯಲ್ಲೇ ಹೊಳೆ ದಾಟಿ ಬಂದಳು. ಒಳಗೆ ಕರೆಯುವ ಮೊದಲೇ ಬಂದು ನೆಲದ ಮೇಲೆ ಕೂತಳು, ಬಾಗಿಯಕ್ಕನ ಎರಡೂ ಕೈ ಹಿಡಿದು ಅತ್ತಳು. "ನನ್ನ ಮಗಳನ್ನು ಉಳಿಸಿದವರು ನೀವು. ಅವಳಿಗೆ ನೀವೂ ಒಬ್ಬರು ತಾಯಿ ಅಕ್ಕ" ಎಂದಳು.

ಬಾಗಿಯಕ್ಕ ನಿಧಾನಕ್ಕೆ ಕೈ ಬಿಡಿಸಿಕೊಂಡಳು.

"ಅವಳಿಗೆ ಇಬ್ಬರಾದೆವು ತಂಗಿ" ಎಂದಳು. "ನನ್ನ ಜಯಳಿಗೆ ಆ ದಿನ ಒಬ್ಬಳೂ ಇರಲಿಲ್ಲ."