ಎರವಲು ತಂದ ಮನೆ

ಬಸ್ಸಿಳಿದು ಓಡೋಡಿ ಬಂದು ಬಾಗಿಲು ತಳ್ಳಿದ ಜುಸಿಮಾರಾ, ಬೇರೆಯವರ ಮನೆಗೆ ನುಗ್ಗಿಬಿಟ್ಟೆನೇನೋ ಎಂದು ಒಂದು ಗಳಿಗೆ ಬೆಚ್ಚಿದಳು. ನಡುಮನೆಯಲ್ಲಿ ಕೆಂಪು ಸೋಫಾ. ಗೋಡೆಗೊರಗಿಸಿದ ದೊಡ್ಡ ಟಿವಿ. ಮೂಲೆಯಲ್ಲಿ ಅವಳಿಗಿಂತ ಎತ್ತರದ ಫ್ರಿಜ್ಜು. ನಡುವೆ ಅವಳ ತಾಯಿ ವಾಲ್ದೆಲಿಸಿ ಚರ್ಚಿಗೆ ಹೋಗುವ ಬಿಳಿ ಉಡುಪು ತೊಟ್ಟು ಬೀಗುತ್ತ ನಿಂತಿದ್ದಳು.

"ಮೈನ್ಯಾ, ಏನಮ್ಮಾ ಇದು?"

"ಪಕ್ಕದ ಗಿಲ್ದೇತಿ ಮನೇದು ಕಣೇ. ಟಿವಿ ಮಾತ್ರ ಪಾದ್ರಿ ಮನೇದು. ಯೂನಿವರ್ಸಿಟಿಯಿಂದ ದೊಡ್ಡವರು ಬರ್ತಾರೆ ಅಂದ್ಯಲ್ಲ, ಎಲ್ಲಿ ಕೂರ್ಸೋದು? ಚಿಪ್ಪಿನ ರಾಶಿ ಮೇಲಾ?"

ಹುಡುಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬರುತ್ತಿದ್ದವಳು ನೆಂಟಳಲ್ಲ, ಸಹಾಯಧನ ವಿಭಾಗದ ಅಧಿಕಾರಿ. ಇದು ನಿಜಕ್ಕೂ ಬಡವರ ಮನೆಯೇ ಎಂದು ಕಣ್ಣಾರೆ ನೋಡಲು ಬರುತ್ತಿದ್ದಳು. ಹಾಗೆಂದು ಬಾಯಿಬಿಟ್ಟು ಹೇಳಲು ಜುಸಿಮಾರಾಗೆ ನಾಲಗೆ ಏಳದೆ, "ಯೂನಿವರ್ಸಿಟಿಯಿಂದ ಯಾರೋ ಬರ್ತಾರೆ" ಎಂದಷ್ಟೇ ಫೋನಿನಲ್ಲಿ ಹೇಳಿದ್ದಳು.

ಕರಿಯರಿಗೂ ಸರ್ಕಾರಿ ಶಾಲೆಯ ಮಕ್ಕಳಿಗೂ ಸೀಟು ಮೀಸಲಾದ ಮೇಲೆ, ಮರಗೋಜಿಪಿಯ ಈ ಕೆಸರು ದಂಡೆಯ ಓಣಿಯಿಂದಲೂ ಒಬ್ಬಳು ನರ್ಸಿಂಗ್ ಓದಲು ರಾಜಧಾನಿಗೆ ಹೋಗಿದ್ದಳು. ಓದಿಗೆ ಶುಲ್ಕವಿಲ್ಲ, ಸರಿ. ಉಣ್ಣುವುದು, ಮಲಗುವುದು ಯಾರಪ್ಪನ ದುಡ್ಡಿನಲ್ಲಿ? ಸೀಟು ಕೊಟ್ಟವರಿಗೆ ಹೊಟ್ಟೆಯ ವಿಚಾರ ಯಾವಾಗಲೂ ತಡವಾಗಿ ನೆನಪಾಗುತ್ತದೆ. ಈ ವರ್ಷವಂತೂ ಅನುದಾನಕ್ಕೆ ಕತ್ತರಿ ಬಿದ್ದಿತ್ತು, ಕೈಯೊಡ್ಡುವವರು ಮಾತ್ರ ಹೆಚ್ಚಾಗಿದ್ದರು. ಸ್ವಲ್ಪ ಅನುಮಾನ ಬಂದರೂ ಹೆಸರು ಹೊಡೆದುಹಾಕುತ್ತಿದ್ದರು. ಸಹಾಯಧನ ನಿಂತರೆ ಜುಸಿಮಾರಾ ಓದು ಬಿಟ್ಟು, ತಾಯಿಯ ಜೊತೆ ಮೊಣಕಾಲುದ್ದದ ಕೆಸರಿಗಿಳಿದು ಮಾರಾಟಕ್ಕೆ ಕಪ್ಪೆಚಿಪ್ಪು ಹೆಕ್ಕಬೇಕು.

"ಮೊದಲು ಇದನ್ನೆಲ್ಲ ಹೊರಗೆ ಹಾಕು! ಹಿಡ್ಕೋ ಆ ಕಡೆ!" ಎಂದು ಅವಳು ಸೋಫಾಕ್ಕೆ ಕೈಹಾಕಿದಳು. ಅಷ್ಟರಲ್ಲಿ ಹೊರಗೆ ಯಾರೋ ಚಪ್ಪಾಳೆ ತಟ್ಟಿ ಮನೆಯವರನ್ನು ಕರೆದರು.

ಅಧಿಕಾರಿ ಎಡ್ನಾಲ್ವಾ ಬೆವರೊರೆಸಿಕೊಳ್ಳುತ್ತ ಒಳಬಂದು ಸುತ್ತ ಕಣ್ಣಾಡಿಸಿದಳು.

"ಫ್ರಿಜ್ಜು ಹೊಸದಾ?"

"ನಮ್ಮದೇ, ದೊತೋರಾ!" ಎಂದು ವಾಲ್ದೆಲಿಸಿ ಓದಿದವರಿಗೆ ಕೊಡುವ ಗೌರವ ಕೊಟ್ಟು ಕರೆದಳು. "ಕೂತ್ಕೊಳ್ಳಿ, ಆರಾಮಾಗಿ ಕೂತ್ಕೊಳ್ಳಿ. ದೇವರ ದಯೆ, ನಮ್ಮನೇಲಿ ಯಾವುದಕ್ಕೂ ಕಮ್ಮಿಯಿಲ್ಲ."

ಎಡ್ನಾಲ್ವಾ ಅದನ್ನೇ ನಿಧಾನವಾಗಿ ಬರೆದುಕೊಂಡಳು.

"ಸುಳ್ಳು!" ಎಂದು ಜುಸಿಮಾರಾ ಕಿರುಚಿದಳು. "ಒಂದೂ ನಮ್ಮದಲ್ಲ. ಎಲ್ಲಾ ಅಕ್ಕಪಕ್ಕದವ್ರದ್ದು."

"ಬಾಯ್ಮುಚ್ಚೇ!" ತಾಯಿಯ ಮುಖ ಕಪ್ಪಿಟ್ಟಿತು. "ಬಂದವರ ಮುಂದೆ ಮಾನ ಕಳೀತೀಯಾ?"

ಎಡ್ನಾಲ್ವಾ ತಲೆಯೆತ್ತಿದಳು. "ಎಲ್ಲರೂ ಹೀಗೇ ಹೇಳ್ತಾರೆ ಮಗಳೇ. ಒಬ್ಬನಂತೂ ಬಾಗಿಲಲ್ಲಿ ನಿಂತಿದ್ದ ಕಾರು ಚಿಕ್ಕಪ್ಪಂದು ಅಂದ. ನಾನು ನಂಬಬಹುದು. ಸಮಿತಿಯವರು ಫೋಟೋ ಮಾತ್ರ ನಂಬೋದು." ಅವಳು ಮೊಬೈಲ್ ತೆಗೆದಳು.

"ಫೋಟೋದಲ್ಲಿ ಇವೆಲ್ಲ ಬಂದ್ರೆ?" ವಾಲ್ದೆಲಿಸಿಯ ದನಿ ಇಳಿದಿತ್ತು.

"ದುಡ್ಡು ನಿಲ್ಲುತ್ತೆ, ದೋನಾ ವಾಲ್ದೆಲಿಸಿ."

ತಾಯಿ ಮಗಳ ಮುಖ ನೋಡಿದಳು. ಹುಡುಗಿ ತಲೆತಗ್ಗಿಸಿದಳು. ಆಗ ತಾಯಿಗೆ ಎಲ್ಲ ಅರ್ಥವಾಯಿತು. ಬಂದವಳು ನೋಡಲು ಬಂದದ್ದು ಇಲ್ಲದಿರುವುದನ್ನು.

ವಾಲ್ದೆಲಿಸಿ ನೇರ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು: "ಗಿಲ್ದೇತಿ! ಬಾರೇ, ನಿನ್ನ ಫ್ರಿಜ್ಜು, ಸೋಫಾ ಎಲ್ಲಾ ತಗೊಂಡು ಹೋಗು! ಪಾದ್ರಿಯವರ ಟಿವೀನೂ!"

ಕಿಟಕಿಗಳು ತೆರೆದುಕೊಂಡವು. ಗಿಲ್ದೇತಿ ಗಂಡನನ್ನೂ ಮೈದುನರನ್ನೂ ಕಟ್ಟಿಕೊಂಡು ಬಂದಳು. "ಅಯ್ಯೋ ಮಹಾರಾಣೀ, ಇಷ್ಟು ಬೇಗ ಬೇಜಾರಾಯ್ತಾ?" ಬೇರೆ ದಿನವಾಗಿದ್ದರೆ ಆ ಮಾತಿಗೆ ವಾಲ್ದೆಲಿಸಿ ಅವಳ ನೀರಿಳಿಸುತ್ತಿದ್ದಳು. ಇವತ್ತು ತಾನೇ ಸೋಫಾದ ಒಂದು ತುದಿ ಎತ್ತಿಕೊಟ್ಟಳು. ಓಣಿಯೆಲ್ಲ ನೋಡುತ್ತಿತ್ತು. ಜುಸಿಮಾರಾಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಕೊನೆಗೆ ಉಳಿದದ್ದು ಒಂದು ಸ್ಟೂಲು, ಇಟ್ಟಿಗೆಯ ಮೇಲಿನ ಒಲೆ, ಚಿಪ್ಪಿನ ಬುಟ್ಟಿ. ಎಡ್ನಾಲ್ವಾ ಬರೆದ ಸಾಲನ್ನು ಹೊಡೆದುಹಾಕಿ ಮೊಬೈಲ್ ಎತ್ತಿದಳು.

"ಸ್ವಲ್ಪ ಪಕ್ಕಕ್ಕೆ ಬನ್ನಿ, ದೋನಾ. ಕೋಣೆ ಮಾತ್ರ ಸಾಕು."

ವಾಲ್ದೆಲಿಸಿ ಕದಲಲಿಲ್ಲ. ಉಡುಪಿನ ಸುಕ್ಕು ಸವರಿ, ಮಗಳ ರಟ್ಟೆ ಹಿಡಿದು ಪಕ್ಕಕ್ಕೆಳೆದುಕೊಂಡಳು.

"ನೆಟ್ಟಗೆ ನಿಂತ್ಕೊಳೇ. ಹೀಗೇ ತೆಗೀರಿ, ದೊತೋರಾ. ಈ ಮನೇಲಿ ಏನೂ ಇಲ್ಲ ಅಂತ ಯಾರೂ ಅನ್ಬಾರದು."